ಹತ್ತು ಸೆಂಟಿಮೀಟರ್‌ಗೆ ಫೋಕಸ್ ಆದರೆ ಮ್ಯಾಕ್ರೋ ಆಗಿಬಿಡ್ತಾ?

ಈ ವರ್ಷದ ಮಿರಗವೂ, ಅಂದರೆ ಮೃಗಶಿರಾ ಮಳೆಯೂ ಹೋಯಿತು. ನನ್ನ ಹತ್ತಿರ ಮಿರಗದ ಹುಳದ ಒಂದೂ ನೆಟ್ಟಗಿನ ಫೋಟೋ ಇಲ್ಲ. ಸಿಟ್ಟು ತಡೆಯಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜೂನ್‌ನಲ್ಲಿ ಮೃಗಶಿರಾ ಮಳೆ ಬಿದ್ದ ಮೇಲೆ ನಮ್ಮ ಕಡೆ ಮಸಾರಿ ಹೊಲದಲ್ಲಿ ಕೆಂಪು ಮಖಮಲ್ಲಿನಂಥ ಹುಳ ಹೊರಗೆ ಬರುತ್ತದೆ. ಹುಳ ಅನ್ನುತ್ತೇವೆ, ಆದರೆ ಎಂಟು ಕಾಲು, ಜೇಡ, ಉಣ್ಣಿಗಳ ಬಳಗದ್ದು. ದೊಡ್ಡದು ಅಂದರೆ ಸುಮಾರು ಒಂದು ಸೆಂಟಿಮೀಟರ್. ವರ್ಷದ ಬಹಳಷ್ಟು ಕಾಲ ಮಣ್ಣೊಳಗೇ ಇರುತ್ತದೆ. ಮಳೆ ಬಿದ್ದ ಮೇಲೆ ಕೆಲವು ದಿನ, ಅದೂ ಕೆಲವೇ ತಾಸು ಮೇಲೆ ಓಡಾಡುತ್ತದೆ. ಚಿಕ್ಕವರಿದ್ದಾಗ ಕಡ್ಡಿಪೆಟ್ಟಿಗೆಯಲ್ಲಿ ಮಣ್ಣು ಹಾಕಿ ಸಾಕುತ್ತಿದ್ದೆವು. ಆಗ ನಮ್ಮ ಹೊಲದಲ್ಲಿ ಕಾಲಿಟ್ಟಲ್ಲಿ ಇರುತ್ತಿದ್ದವು. ಈಗ ಬಗ್ಗಿ ಹುಡುಕಬೇಕು. ಅದರ ಮೈಮೇಲಿನ ಒಂದೊಂದು ಕೂದಲೂ ಕಾಣುವಂಥ ಫೋಟೋ ತೆಗೆದಿಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಎರಡು ವರ್ಷ ದುಡ್ಡು ಕೂಡಿಸಿ ಕ್ಯಾಮೆರಾ ತಗೊಂಡೆ. ಜೇಬಿಗೆ ಹತ್ತಿರದ ಗಾತ್ರ, ಒಳಗೆ ಎಪಿಎಸ್-ಸಿ ಅನ್ನೋ ಅಳತೆಯ ದೊಡ್ಡ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಭಾಗ), ಬಿಚ್ಚಲು ಬಾರದ 23 ಎಂಎಂ ಲೆನ್ಸ್. ಅಂಗಡಿಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆಯೇ, ಸಣ್ಣ ಹುಳದ ಫೋಟೋ ಬರುತ್ತದಾ ಅಂತ. "ಮ್ಯಾಕ್ರೋ ಐತಿ ಸರ್. ಹತ್ತ ಸೆಂಟಿಮೀಟರಿಗೆ ಫೋಕಸ್ ಆಗ್ತೈತಿ. ಸೆನ್ಸರ್ ಎಷ್ಟ್ ದೊಡ್ಡದೈತಿ ನೋಡ್ರಿ, ಏನ್ ಬೇಕಾದ್ರೂ ತಗೀರಿ" ಅಂದರು. ಮ್ಯಾಕ್ರೋ ಅಂದರೆ ಸಣ್ಣದನ್ನು ದೊಡ್ಡದಾಗಿ ತೆಗೆಯೋದು. ನಂಬಿದೆ.

ಮೊದಲ ಮಳೆಯ ಮರುದಿನ ಬೆಳಿಗ್ಗೆ ಹೊಲದಲ್ಲಿ ಅಂಗಾತ ಬಿದ್ದದ್ದೊಂದು ಬಾಕಿ, ಅಷ್ಟು ಒದ್ದಾಡಿದೆ. ಹುಳ ಸಿಕ್ಕಿತು. ಹತ್ತು ಸೆಂಟಿಮೀಟರ್‌ಗೆ ಹೋದೆ. ಫೋಕಸ್ ಆಯಿತು. ಆದರೆ ಫೋಟೋದಲ್ಲಿ ಮಣ್ಣೇ ಮಣ್ಣು, ನಡುವೆ ಒಂದು ಕೆಂಪು ಚುಕ್ಕಿ. ಅವ್ವನಿಗೆ ತೋರಿಸಿದೆ. "ಅಷ್ಟ್ ರೊಕ್ಕಾ ಕೊಟ್ಟಿ, ಹುಳ ಎಲ್ಲೈತೋ ಇದ್ರಾಗ?" ಅಂದಳು.

ಮನೆಗೆ ಬಂದು ಸ್ಕೇಲ್ ಇಟ್ಟು ಅಳೆದೆ. ಎಷ್ಟು ಹತ್ತಿರ ಹೋದರೂ ಫೋಟೋದ ಅಡ್ಡಕ್ಕೆ 11 ಸೆಂಟಿಮೀಟರ್ ಜಾಗ ಬರುತ್ತದೆ. ಅಂದರೆ ಒಂದು ಸೆಂಟಿಮೀಟರ್ ಹುಳ ಹನ್ನೊಂದರಲ್ಲಿ ಒಂದು ಪಾಲು. 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಹುಳಕ್ಕೆ ಸಿಗೋದು 550 ಪಿಕ್ಸೆಲ್ಲೂ ಇಲ್ಲ. ನಿಜವಾದ ಮ್ಯಾಕ್ರೋ ಲೆನ್ಸ್ 1:1 ಕೊಡುತ್ತದೆ, ಅಂದರೆ ಹುಳ ಎಷ್ಟಿದೆಯೋ ಅಷ್ಟೇ ಗಾತ್ರದಲ್ಲಿ ಸೆನ್ಸರಿನ ಮೇಲೆ ಮೂಡುತ್ತದೆ. ಇದೇ ಸೆನ್ಸರಿನ ಮೇಲೆ ಅದು ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಜಾಗವನ್ನು ಫೋಟೋ ತುಂಬ ಹರಡುತ್ತದೆ. ಹುಳ ಹತ್ತಿರ ಹತ್ತಿರ ಅರ್ಧ ಚಿತ್ರ ತುಂಬುತ್ತಿತ್ತು.

ಇದನ್ನು ಅಂಗಡಿಯವರು ಯಾಕೆ ಹೇಳಲ್ಲ? ಎಷ್ಟು ಹತ್ತಿರ ಹೋಗಬಹುದು ಅನ್ನೋದನ್ನೇ ಹೇಳುತ್ತಾರೆ. ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನೋದನ್ನು ಹೇಳಲ್ಲ. ಈ ಜಾತಿಯ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಅಗಲ ನೋಟದ ಲೆನ್ಸ್. ಬೀದಿ, ಜಾತ್ರೆ, ಮನೆಯೊಳಗಿನ ಜನ, ಇವಕ್ಕೆ ಅಂತಲೇ ಮಾಡಿದ್ದು. ಅಂಥ ಲೆನ್ಸ್ ಮೂಗಿನ ಹತ್ತಿರ ಹೋದರೂ ಸುತ್ತಲಿನದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ನನ್ನ ಕ್ಯಾಮೆರಾ ಕೆಟ್ಟದ್ದಲ್ಲ. ಊರ ತೇರಿನ ದಿನ ಅದರಲ್ಲಿ ತೆಗೆದ ಮುಖಗಳು ಈಗಲೂ ನನಗೆ ಇಷ್ಟ. ಆದರೆ ನಾನು ಕೇಳಿದ್ದು ತೇರಿಗಲ್ಲ, ಹುಳಕ್ಕೆ!

ಹತ್ತಿರ ಹೋದರೆ ಬೇರೆ ಕಾಟಗಳೂ ಶುರು. ಲೆನ್ಸಿನ ನೆರಳೇ ಹುಳದ ಮೇಲೆ ಬೀಳುತ್ತದೆ. ಒಳಗಿನ ಫ್ಲ್ಯಾಶ್ ಹಾಕಿದರೆ ಲೆನ್ಸ್ ಅಡ್ಡ ಬಂದು ಅರ್ಧ ಕತ್ತಲು. ಲೆನ್ಸಿನ ಬಾಯಿ ಪೂರ್ತಿ ತೆರೆದು ಎಫ್ 2 ಇಟ್ಟರೆ ಒಂದೆರಡು ಮಿಲಿಮೀಟರ್ ಮಾತ್ರ ಚೊಕ್ಕ, ಉಳಿದದ್ದು ಮಬ್ಬು. ಬಾಯಿ ಕಿರಿದು ಮಾಡಿ ಎಫ್ 8 ಇಟ್ಟರೆ ಮೋಡದ ಬೆಳಕಿಗೆ ಶಟರ್ ನಿಧಾನ, ಅಷ್ಟರಲ್ಲಿ ಹುಳ ನಡೆದುಬಿಡುತ್ತದೆ.

ಅಂಗಡಿಗೆ ವಾಪಸ್ ಹೋದೆ. ಡಬ್ಬಿ ಒಡೆದಿದೆ, ತಗೊಳ್ಳಲ್ಲ ಅಂದರು. "ಇದನ್ನ ಮುಂದ ಹಾಕ್ರಿ" ಅಂತ ಲೆನ್ಸಿನ ಮುಂದೆ ಭೂತಗನ್ನಡಿಯಂತೆ ಕೂರುವ ಒಂದು +4 ಕ್ಲೋಸಪ್ ಗಾಜು ಕೊಟ್ಟು ಅದಕ್ಕೂ ದುಡ್ಡು ಇಸ್ಕೊಂಡರು. ಅದೇ ಗಾಜನ್ನು 100 ಎಂಎಂ ಲೆನ್ಸಿಗೆ ಹಾಕಿದರೆ ಕೆಲಸ ಮಾಡುತ್ತದೆ. ಲೆನ್ಸಿನ ಎಂಎಂ ಹೆಚ್ಚಿದ್ದಷ್ಟೂ ಈ ಗಾಜಿನ ಪರಿಣಾಮ ಜಾಸ್ತಿ. 23 ಎಂಎಂಗೆ ಏನು ಸಿಗುತ್ತದೆ? ಮತ್ತೆ ಸ್ಕೇಲ್ ಇಟ್ಟೆ. 11 ಸೆಂಟಿಮೀಟರ್ ಇದ್ದದ್ದು 8 ಆಯಿತು, ಅಷ್ಟೇ. ಅದಕ್ಕಾಗಿ ಲೆನ್ಸನ್ನು ಹುಳದಿಂದ ಏಳು ಸೆಂಟಿಮೀಟರ್‌ಗೆ ಒಯ್ಯಬೇಕು. ನೆರಳು ಇನ್ನೂ ಜಾಸ್ತಿ. ಲೆನ್ಸ್ ಬಿಚ್ಚಲು ಬಂದಿದ್ದರೆ ಹಿಂದೆ ಎಕ್ಸ್‌ಟೆನ್ಶನ್ ಟ್ಯೂಬ್ (ಲೆನ್ಸನ್ನು ಸೆನ್ಸರಿನಿಂದ ದೂರ ಇಡುವ ಖಾಲಿ ಕೊಳವೆ) ಹಾಕುತ್ತಿದ್ದೆ, ಇಲ್ಲ ಲೆನ್ಸನ್ನೇ ಹಿಂದುಮುಂದಾಗಿ ತಿರುವಿ ಹಾಕುತ್ತಿದ್ದೆ. ಇದರಲ್ಲಿ ಆ ದಾರಿಯೂ ಇಲ್ಲ.

ತಂಗಿಯ ಮಗ ಪಕ್ಕದಲ್ಲಿ ಕೂತು ಫೋನ್‌ನಲ್ಲಿ ತೆಗೆದ. ಅವನ ಹುಳ ನನ್ನದಕ್ಕಿಂತ ದೊಡ್ಡದಾಗಿ ಬಂತು. ಫೋನಿನ ಸೆನ್ಸರ್ ಚಿಕ್ಕದು. ಎರಡು ಮೂರು ಸೆಂಟಿಮೀಟರ್‌ಗೆ ಹೋದರೆ ಅಷ್ಟೇ ಪುಟ್ಟ ಜಾಗ ಅದರ ತುಂಬ ಬರುತ್ತದೆ. ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೂ ಹೊಟ್ಟೆ ಉರಿಯಿತು. "ದೊಡ್ಡ ಸೆನ್ಸರ್" ಅಂತ ಹೇಳಿ ಮಾರಿದರಲ್ಲ, ಸೆನ್ಸರ್ ದೊಡ್ಡದಾದ ಮಾತ್ರಕ್ಕೆ ಹುಳ ದೊಡ್ಡದಾಗಿ ಬರಲ್ಲ ಅಲ್ವಾ?

ಒಂದು ಮಾತು ಹೇಳಿದ್ದರೆ ಸಾಕಿತ್ತು. "ಅಡ್ಡಕ್ಕೆ ಹನ್ನೊಂದು ಸೆಂಟಿಮೀಟರ್ ಬರ್ತೈತ್ರಿ, ನಿಮ್ಮ ಹುಳಕ್ಕ ಆಗೂದಿಲ್ಲ" ಅಂತ. ಅದೇ ದುಡ್ಡಿಗೆ ಹಳೆಯ ಡಿಎಸ್‌ಎಲ್‌ಆರ್, ಜೊತೆಗೆ ಸೆಕೆಂಡ್ ಹ್ಯಾಂಡ್ ಮ್ಯಾಕ್ರೋ ಲೆನ್ಸ್ ನೋಡಿಕೊಳ್ಳುತ್ತಿದ್ದೆ.

ನಿನ್ನೆ ಮತ್ತೆ ಹೊಲಕ್ಕೆ ಹೋಗಿದ್ದೆ. ಮಧ್ಯಾಹ್ನದವರೆಗೂ ಬದುವಿನ ಉದ್ದಕ್ಕೂ ಹುಡುಕಿದೆ. ಒಂದೂ ಇಲ್ಲ. ಎಲ್ಲ ಮಣ್ಣೊಳಗೆ ಹೋಗಿವೆ. ಇನ್ನು ಬರುವ ಜೂನ್‌ಗೇ.