"ಡೇಟಾ ಏನಾದ್ರೂ ಬೇಕಾ?"

ಅಕ್ಕನ ಲ್ಯಾಪ್‌ಟಾಪ್ ನಾಲ್ಕೈದು ತಿಂಗಳಿಂದ ತುಂಬಾ ಸ್ಲೋ ಆಗಿತ್ತು. ಬಟನ್ ಒತ್ತಿ, ಹೋಗಿ ಮುಖ ತೊಳೆದು ಬಂದರೂ ಪರದೆ ಮೇಲೆ ಆ ಚುಕ್ಕಿಗಳು ಇನ್ನೂ ಸುತ್ತುತ್ತಲೇ ಇರುತ್ತಿದ್ದವು. ಕೊನೆಗೆ ರಿಪೇರಿಗೆ ಕೊಟ್ಟಳು. ಸಂಜೆ ಅವರು ಫೋನ್ ಮಾಡಿ ಕೇಳಿದರು: "ಮೇಡಂ, ವಿಂಡೋಸ್ ಹೊಸದಾಗಿ ಹಾಕಬೇಕು. ಸಿ ಡ್ರೈವ್ ಫಾರ್ಮ್ಯಾಟ್ ಆಗುತ್ತೆ. ಅದರಲ್ಲಿ ಡೇಟಾ ಏನಾದ್ರೂ ಬೇಕಾ?"

"ಇಲ್ಲಪ್ಪ, ಸಿ ಡ್ರೈವ್‌ಗೆ ನಾನು ಕೈ ಹಾಕೋದೇ ಇಲ್ಲ. ಮಾಡಿಬಿಡಿ" ಎಂದಳು ಅಕ್ಕ.

ಅವಳು ತಿಳಿದಿದ್ದನ್ನೇ ಹೇಳಿದ್ದಳು. ಅವಳ ಲೆಕ್ಕದಲ್ಲಿ ಅವಳದ್ದೆಲ್ಲ ಇದ್ದದ್ದು ಡೆಸ್ಕ್‌ಟಾಪ್ ಮೇಲೆ. ಆನ್ ಮಾಡಿದ ಕೂಡಲೇ ಕಣ್ಣಿಗೆ ಬೀಳುವ ಜಾಗ ಅದು. ಆದರೆ ಡೆಸ್ಕ್‌ಟಾಪ್ ಅನ್ನುವುದು ಸಿ ಡ್ರೈವ್ ಒಳಗಿನ ಒಂದು ಫೋಲ್ಡರ್. ಸಿ ತೆರೆದರೆ ಯೂಸರ್ಸ್, ಅದರೊಳಗೆ ನಮ್ಮ ಹೆಸರು, ಅದರೊಳಗೆ ಡೆಸ್ಕ್‌ಟಾಪ್. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಕೂಡ ನಾವೇ ಬೇರೆ ಕಡೆಗೆ ಬದಲಿಸದಿದ್ದರೆ ಅಲ್ಲೇ ಇರುತ್ತವೆ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಕೇಳಿದವರೂ "ಡೆಸ್ಕ್‌ಟಾಪ್ ಮೇಲೆ ಏನಿದೆ?" ಎಂದು ಕೇಳಲಿಲ್ಲ.

ಅಕ್ಕ ಅನುವಾದದ ಕೆಲಸ ಮಾಡುತ್ತಾಳೆ. 11 ವರ್ಷದಿಂದ ಒಂದು ಎಕ್ಸೆಲ್ ಫೈಲ್ ಬೆಳೆಸುತ್ತಾ ಬಂದಿದ್ದಳು. ಕಷ್ಟದ ಪದ ಸಿಕ್ಕಾಗಲೆಲ್ಲ ಅದಕ್ಕೆ ಹೊಂದುವ ಕನ್ನಡ ಪದ, ಅದನ್ನು ಎಲ್ಲಿ ಬಳಸಿದಳು, ಯಾರು ಒಪ್ಪಲಿಲ್ಲ, ಆಮೇಲೆ ಯಾವುದಕ್ಕೆ ಬದಲಿಸಿದಳು, ಎಲ್ಲವೂ ಒಂದೊಂದು ಸಾಲಿನಲ್ಲಿ. ಅದು ಡೆಸ್ಕ್‌ಟಾಪ್ ಮೇಲೆ, ಬಲಗಡೆ ಮೂಲೆಯಲ್ಲಿ ಇತ್ತು. ಲ್ಯಾಪ್‌ಟಾಪ್ ವಾಪಸ್ ಬಂದಾಗ ಚಕಚಕ ಓಡುತ್ತಿತ್ತು. ಆ ಮೂಲೆ ಖಾಲಿಯಾಗಿತ್ತು.

ಅವತ್ತಿನಿಂದ ನನ್ನನ್ನು ಒಂದು ವಿಷಯ ಕಾಡುತ್ತಿದೆ. ಮನೆ ಕಂಪ್ಯೂಟರ್ ಕೆಟ್ಟು ಡೇಟಾ ಹೋಗುವುದೂ ಇದೆ. ಆದರೆ ನಾನು ಹತ್ತಿರದಿಂದ ನೋಡಿದ್ದರಲ್ಲೆಲ್ಲ ಡೇಟಾ ಹೋಗಿದ್ದು ಕೆಟ್ಟಾಗ ಅಲ್ಲ, ಸರಿ ಮಾಡುವ ಅವಸರದಲ್ಲಿ. ಆಗ ನಮಗೆ ಗಾಬರಿ ಇರುತ್ತದೆ. ಬೇಗ ಮುಗಿದರೆ ಸಾಕು ಅನ್ನಿಸಿರುತ್ತದೆ. ಯಾರಾದರೂ ಗೊತ್ತಿರುವವರಂತೆ ಮಾತಾಡಿದರೆ ಸಾಕು, ಎಲ್ಲದಕ್ಕೂ "ಹೂಂ" ಅಂದುಬಿಡುತ್ತೇವೆ. ಅಲ್ವಾ?

ನಾನೂ ಅದೇ ಅವಸರಕ್ಕೆ ಬಿದ್ದೆ. ಅಕ್ಕ ಅಳುತ್ತಾ ಫೋನ್ ಮಾಡಿದ ಕೂಡಲೇ ಹೋಗಿ, ಅದೇ ಲ್ಯಾಪ್‌ಟಾಪ್‌ನಲ್ಲಿ ಒಂದು ರಿಕವರಿ ಸಾಫ್ಟ್‌ವೇರ್ ಇಳಿಸಿ, ಅದೇ ಸಿ ಡ್ರೈವ್‌ಗೆ ಇನ್‌ಸ್ಟಾಲ್ ಮಾಡಿದೆ. ಅದು ದೊಡ್ಡ ತಪ್ಪು ಅಂತ ಆಮೇಲೆ ತಿಳಿಯಿತು. ಹಾರ್ಡ್ ಡಿಸ್ಕ್‌ನಲ್ಲಿ ಫೈಲ್ ಡಿಲೀಟ್ ಮಾಡಿದಾಗ, ಸುಮ್ನೆ ಕ್ವಿಕ್ ಫಾರ್ಮ್ಯಾಟ್ ಮಾಡಿದಾಗಲೂ, ಒಳಗಿರುವುದು ತಕ್ಷಣ ಅಳಿಯುವುದಿಲ್ಲ. ಪುಸ್ತಕದ ಪರಿವಿಡಿ ಹರಿದು ಹಾಕಿದ ಹಾಗೆ ಅದು. ಪುಟಗಳು ಅಲ್ಲೇ ಇರುತ್ತವೆ. ಆದರೆ ಆ ಜಾಗ ಖಾಲಿ ಇದೆ ಎಂದು ಕಂಪ್ಯೂಟರ್ ತಿಳಿದುಕೊಳ್ಳುತ್ತದೆ. ಹೊಸದಾಗಿ ಏನು ಬಂದರೂ ಆ ಪುಟಗಳ ಮೇಲೆಯೇ ಬರೆಯಬಹುದು. ಹೊಸ ವಿಂಡೋಸ್ ಆಗಲೇ ಹತ್ತಾರು ಜಿಬಿ ಬರೆದಿತ್ತು. ಅದರ ಮೇಲೆ ನಾನೂ ಬರೆದೆ. ಬ್ರೌಸರ್ ತೆರೆದು ಒಂದು ಪುಟ ನೋಡಿದರೂ ಡಿಸ್ಕ್ ಮೇಲೆ ಏನಾದರೂ ಬರೆದೇ ಬರೆಯುತ್ತದೆ.

ಮುಖ್ಯವಾದ ಫೈಲ್ ಅಳಿಸಿಹೋದರೆ ಮೊದಲು ಮಾಡಬೇಕಾದ್ದು ಆ ಯಂತ್ರ ಬಳಸುವುದನ್ನು ನಿಲ್ಲಿಸುವುದು. ರೀಸೈಕಲ್ ಬಿನ್ ನೋಡಿ, ಅಲ್ಲಿ ಇಲ್ಲದಿದ್ದರೆ ಆಫ್ ಮಾಡಿ. ಡಿಸ್ಕ್ ತೆಗೆದು ಬೇರೆ ಕಂಪ್ಯೂಟರ್‌ಗೆ ಜೋಡಿಸಿ ಹುಡುಕಬೇಕು. ಸಿಕ್ಕಿದ್ದನ್ನು ಮೂರನೇ ಕಡೆ ಉಳಿಸಬೇಕು. ಇದೆಲ್ಲ ಹಳೇ ಹಾರ್ಡ್ ಡಿಸ್ಕ್‌ನ ಮಾತು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಜಾಸ್ತಿ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದೆ ಚಿಪ್‌ಗಳಲ್ಲಿ ಉಳಿಸುವ ಡಿಸ್ಕ್. ಅದರಲ್ಲಿ ಟ್ರಿಮ್ ಅನ್ನುವ ವ್ಯವಸ್ಥೆ ಇದೆ. ಯಾವ ಜಾಗ ಇನ್ನು ಬೇಡ ಎಂದು ವಿಂಡೋಸ್ ಡಿಸ್ಕ್‌ಗೆ ಹೇಳುತ್ತದೆ, ಡಿಸ್ಕ್ ತಾನಾಗಿಯೇ ಅದನ್ನು ಒರೆಸಿ ಹಾಕುತ್ತದೆ. ಅಲ್ಲಿ ಡಿಲೀಟ್ ಆದದ್ದು ವಾಪಸ್ ಸಿಗುವುದು ತುಂಬಾ ಕಷ್ಟ.

ಹಾರ್ಡ್ ಡಿಸ್ಕ್ ಒಳಗಿಂದ ಟಕ್ ಟಕ್ ಅಂತ ಸದ್ದು ಬರತೊಡಗಿದರೂ ಇದೇ ಎಚ್ಚರ ಬೇಕು. ಹಾಗೆ ಸದ್ದು ಬಂದಾಗ ಜನ ಡಿಸ್ಕ್ ಚೆಕ್ ಓಡಿಸುತ್ತಾರೆ, ವೈರಸ್ ಸ್ಕ್ಯಾನ್ ಹಾಕುತ್ತಾರೆ. ಎರಡೂ ಇಡೀ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತವೆ. ಸಾಯುತ್ತಿರುವ ಡಿಸ್ಕ್‌ಗೆ ಅದೇ ಕೊನೆಯ ಪೆಟ್ಟಾಗಬಹುದು. ಫೈಲ್ ಇನ್ನೂ ತೆರೆಯುತ್ತಿದ್ದರೆ ತೀರಾ ಬೇಕಾದ್ದನ್ನು ಮೊದಲು ಹೊರಗೆ ಕಾಪಿ ಮಾಡಿಕೊಳ್ಳಿ. ಡಿಸ್ಕ್ ಕಾಣಿಸುತ್ತಲೇ ಇಲ್ಲ, ಒಳಗಿರುವುದು ಬೇಕೇ ಬೇಕು ಅಂದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಡೇಟಾ ರಿಕವರಿ ಕೆಲಸ ಗೊತ್ತಿರುವವರಿಗೇ ಕೊಡಿ.

ಇನ್ನು ಸ್ಲೋ ಆಗುವುದು. ಅದಕ್ಕೆ ಫಾರ್ಮ್ಯಾಟ್ ಕೊನೆಯ ಮದ್ದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವುದು ಕಂಪ್ಯೂಟರನ್ನು ತಿನ್ನುತ್ತಿದೆ ಅಂತ ಅಲ್ಲೇ ಕಾಣುತ್ತದೆ. ಆನ್ ಆದ ಕೂಡಲೇ ತಾವಾಗಿಯೇ ಏಳುವ ಸಾಫ್ಟ್‌ವೇರ್‌ಗಳನ್ನು ಅಲ್ಲಿಂದಲೇ ನಿಲ್ಲಿಸಬಹುದು. ಡ್ರೈವ್ ತುಂಬಿಹೋಗಿದೆಯಾ, ಫ್ಯಾನ್ ತುಂಬಾ ಧೂಳು ಕಟ್ಟಿದೆಯಾ ನೋಡಿ. ಬಿಸಿ ಜಾಸ್ತಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಾಗಲೆಲ್ಲ ಡಿಸ್ಕ್ 100 ಪರ್ಸೆಂಟ್, ಅಂದರೆ ಒಂಚೂರೂ ಬಿಡುವಿಲ್ಲದೆ ದುಡಿಯುತ್ತಿದೆ ಎಂದು ತೋರಿಸುತ್ತಿತ್ತು ಅಂತ ಅವಳೇ ಒಮ್ಮೆ ಹೇಳಿದ್ದಳು. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದರೆ ವೇಗವೂ ಬರುತ್ತಿತ್ತು, ಹಳೇ ಡಿಸ್ಕ್ ಫೈಲ್‌ಗಳ ಸಮೇತ ಕೈಯಲ್ಲೂ ಉಳಿಯುತ್ತಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಗಾಬರಿಯನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ನಮಗೆ ಪರಿಚಯದ ಒಬ್ಬ ನಿವೃತ್ತ ಮೇಷ್ಟ್ರಿಗೆ ಆದದ್ದು ಕೇಳಿ. ಏನೋ ಓದುತ್ತಿದ್ದಾಗ ಇದ್ದಕ್ಕಿದ್ದಂತೆ ಇಡೀ ಪರದೆ ಕೆಂಪಾಯಿತು. ಸೈರನ್ ತರಹದ ಸದ್ದು. "ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಆಫ್ ಮಾಡಬೇಡಿ, ತಕ್ಷಣ ಈ ನಂಬರ್‌ಗೆ ಕರೆ ಮಾಡಿ." ಅವರು ಮಾಡಿದರು. ಆ ಕಡೆಯವನು ತುಂಬಾ ಮರ್ಯಾದೆಯಿಂದ ಮಾತಾಡಿ, ಒಂದು ಸಾಫ್ಟ್‌ವೇರ್ ಹಾಕಿಸಿ, ಕಂಪ್ಯೂಟರನ್ನು ತನ್ನ ಕೈಗೆ ತೆಗೆದುಕೊಂಡ. ವಿಂಡೋಸ್‌ನಲ್ಲಿ ನಡೆದದ್ದೆಲ್ಲ ದಾಖಲಾಗುವ ಈವೆಂಟ್ ವ್ಯೂವರ್ ತೆರೆದು ಸಾಲು ಸಾಲು ಕೆಂಪು ಗುರುತು ತೋರಿಸಿ, "ನೋಡಿ ಸರ್, ಎಷ್ಟು ಎರರ್ ಇದೆ" ಅಂದ. ಆ ಕೆಂಪು ಗುರುತುಗಳು ಚೆನ್ನಾಗಿರುವ ಕಂಪ್ಯೂಟರ್‌ನಲ್ಲೂ ಇರುತ್ತವೆ. ಯಾವುದೋ ಸಣ್ಣ ಸೇವೆ ಒಂದು ಸೆಕೆಂಡ್ ತಡವಾಗಿ ಎದ್ದರೂ ಅಲ್ಲಿ ದಾಖಲಾಗುತ್ತದೆ. ಮೇಷ್ಟ್ರು ಅದನ್ನು ಯಾವತ್ತೂ ನೋಡಿರಲಿಲ್ಲ. ನಂಬಿದರು. ಬ್ಯಾಂಕ್ ಪುಟ ತೆರೆಯಿರಿ ಎಂದಾಗ ಪುಣ್ಯಕ್ಕೆ ಮಗಳು ಪಕ್ಕದಲ್ಲಿ ಬಂದು ನಿಂತಳು, ವೈಫೈ ಆರಿಸಿದಳು.

ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದೇ ಇಲ್ಲ. ಇದನ್ನು ಅದೇ ಸ್ಪಷ್ಟವಾಗಿ ಹೇಳಿದೆ. ನಂಬರ್ ಕಂಡರೆ ಅದು ಮೋಸ, ಅಷ್ಟೇ. ಅದು ಬರೀ ಒಂದು ವೆಬ್ ಪುಟ, ಪರದೆ ತುಂಬ ಹರಡಿಕೊಂಡಿರುತ್ತದೆ. ಆಲ್ಟ್ ಮತ್ತು ಎಫ್4 ಒತ್ತಿ. ಆಗಲಿಲ್ಲ ಅಂದರೆ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಅದೂ ಆಗಲಿಲ್ಲವಾ, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. "ಆಫ್ ಮಾಡಬೇಡಿ" ಎಂದು ಬರೆದಿರುವುದೇ ನೀವು ಆಫ್ ಮಾಡಿದರೆ ಅವರ ಆಟ ಮುಗಿಯುತ್ತದೆ ಅಂತ.

ರಿಪೇರಿಗೆ ಕೊಡುವಾಗ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಬೋರ್ಡ್ ಮೇಲೆ ಅಂಟಿಸಿ ಕೊಡುವವರನ್ನು ಕಂಡಿದ್ದೇನೆ. ಆ ಒಂದು ಪಾಸ್‌ವರ್ಡ್‌ನಿಂದ ಬ್ರೌಸರ್ ತೆರೆಯುತ್ತದೆ. ಬ್ರೌಸರ್‌ನಲ್ಲಿ ಉಳಿಸಿಟ್ಟ ಎಲ್ಲ ಪಾಸ್‌ವರ್ಡ್ ಇರುತ್ತವೆ. ಮೇಲ್ ತೆರೆದೇ ಇರುತ್ತದೆ. ಮೇಲ್ ಸಿಕ್ಕಿತು ಅಂದರೆ ಉಳಿದದ್ದೆಲ್ಲ ಸಿಕ್ಕಿತು, ಯಾಕೆಂದರೆ ಬೇರೆ ಖಾತೆಗಳ ಪಾಸ್‌ವರ್ಡ್ ಮರೆತಾಗ ಹೊಸದು ಮಾಡುವ ಲಿಂಕ್ ಬರುವುದು ಮೇಲ್‌ಗೇ. ರಿಪೇರಿಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಬಹಳ ಜನ ಪ್ರಾಮಾಣಿಕವಾಗಿ ಕೆಲಸ ಮಾಡುತ್ತಾರೆ. ಆದರೂ ಸ್ಕ್ರೀನ್ ಅಥವಾ ಕೀಬೋರ್ಡ್ ಬದಲಿಸಲು ನಮ್ಮ ಪಾಸ್‌ವರ್ಡ್ ಬೇಕಿಲ್ಲ. ಪರೀಕ್ಷೆ ಮಾಡಲು ಬೇಕೇ ಬೇಕು ಅಂದರೆ ಬೇರೆ ಯೂಸರ್ ಖಾತೆ ಮಾಡಿ ಕೊಡಿ. ಮೇಲ್‌ಗೆ ಎರಡು ಹಂತದ ಪರಿಶೀಲನೆ ಹಾಕಿಡಿ.

ಹಳೇ ಕಂಪ್ಯೂಟರ್ ಮಾರುವಾಗಲೂ ಅಷ್ಟೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಇಬ್ಬರು, ಬೇರೆಯವರು ಬಳಸಿ ಮಾರಿದ 158 ಹಾರ್ಡ್ ಡಿಸ್ಕ್‌ಗಳನ್ನು ಕೊಂಡು ಒಳಗೇನಿದೆ ನೋಡಿದರು. 2003ರಲ್ಲಿ ಅದನ್ನು ಪ್ರಕಟಿಸಿದರು. ಓದಲು ಆಗಿದ್ದು 129. ಅದರಲ್ಲಿ ಸರಿಯಾಗಿ ಅಳಿಸಿದ್ದು ಬರೀ 12. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ನಂಬರ್‌ಗಳೂ ಖಾಸಗಿ ಪತ್ರಗಳೂ ಸಿಕ್ಕವು. ಅಕ್ಕನಿಗೆ ಬೇಕಾದಾಗ ಸಿಗದೇ ಹೋದದ್ದು, ಮಾರಿದವರಿಗೆ ಬೇಡವಾದಾಗ ಅಲ್ಲೇ ಕೂತಿತ್ತು. ಎರಡಕ್ಕೂ ಕಾರಣ ಮೊದಲು ಹೇಳಿದ ಆ ಪರಿವಿಡಿಯೇ: ಅದು ಹರಿದರೂ, ಮೇಲೆ ಬರೆಯುವವರೆಗೆ ಪುಟಗಳು ಅಲ್ಲೇ ಇರುತ್ತವೆ.

ಹೊಸ ಯಂತ್ರದವರಿಗೆ ಒಂದು ಮಾತು. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬೀಳುತ್ತದೆ. ಕಳ್ಳನ ಕೈಗೆ ಸಿಕ್ಕರೆ ಓದಲಾಗದು, ಒಳ್ಳೆಯದೇ. ಆದರೆ ಮದರ್‌ಬೋರ್ಡ್ ಬದಲಿಸಿದಾಗ, ಕೆಲವೊಮ್ಮೆ ಬಯೋಸ್ (ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟ್ ಆದಾಗ, ನೀಲಿ ಪರದೆ ಬಂದು ಆ ಬೀಗದ ಕೀ, ಅಂದರೆ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಅದು 48 ಅಂಕಿಯದ್ದು. ಅದಿಲ್ಲದಿದ್ದರೆ ನಿಮ್ಮ ಫೋಟೋ ನಿಮಗೂ ಸಿಗುವುದಿಲ್ಲ. ಇವತ್ತೇ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಕೀ ಇದೆಯಾ ನೋಡಿ, ಕಾಗದದ ಮೇಲೆ ಬರೆದಿಡಿ. ರಿಪೇರಿಗೆ ಕೊಡುವ ಮೊದಲಂತೂ ನೋಡಲೇಬೇಕು.

ಅವಸರ ಬೇಡ ಅಂತ ಇಷ್ಟು ಹೇಳಿದೆ. ಅಪ್‌ಡೇಟ್ ವಿಷಯದಲ್ಲಿ ಮಾತ್ರ ನನ್ನ ಮಾತು ತಿರುಗುಮುರುಗು. ಅಲ್ಲಿ ತಡ ಮಾಡುವುದೇ ಅಪಾಯ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ರ್‍ಯಾನ್ಸಮ್‌ವೇರ್ 150ಕ್ಕೂ ಜಾಸ್ತಿ ದೇಶಗಳಲ್ಲಿ ಹರಡಿತು. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್‌ನಲ್ಲಿ ಎಷ್ಟೋ ಆಸ್ಪತ್ರೆಗಳ ಕೆಲಸಕ್ಕೆ ಅಡ್ಡಿಯಾಯಿತು. ಅದು ಒಳಗೆ ಬಂದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ, ಸುಮಾರು ಎರಡು ತಿಂಗಳು ಮೊದಲೇ ಬಂದಿತ್ತು. "ಆಮೇಲೆ ನೆನಪಿಸು" ಒತ್ತಿದ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಅದರಲ್ಲೇ ಇರುವವರು ಮುಂದೇನು ಅಂತ ಯೋಚಿಸಬೇಕು.

ಬ್ಯಾಕಪ್ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನು ಹೇಳಬೇಕಿರುವುದು ಸ್ವಲ್ಪವೇ. ಕ್ಲೌಡ್‌ಗೆ ಸಿಂಕ್ ಆಗುತ್ತಿದೆ ಅಂದಮಾತ್ರಕ್ಕೆ ಬ್ಯಾಕಪ್ ಇದೆ ಅಂತಲ್ಲ. ಇಲ್ಲಿ ಡಿಲೀಟ್ ಮಾಡಿದರೆ ಅಲ್ಲೂ ಡಿಲೀಟ್. ಗೂಗಲ್ ಡ್ರೈವ್‌ನ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿದರೆ ಆಮೇಲೆ ಅದನ್ನು ಬಿಚ್ಚಿಡಿ. ಜೋಡಿಸಿಯೇ ಇಟ್ಟರೆ ರ್‍ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಪೀಟರ್ ಕ್ರೋಗ್ ಎಂಬ ಫೋಟೋಗ್ರಾಫರ್ ಹೇಳಿ ಹೆಸರಾದ ಲೆಕ್ಕ 3-2-1: ಮೂರು ಪ್ರತಿ, ಎರಡು ಬಗೆಯ ಜಾಗದಲ್ಲಿ, ಒಂದು ಮನೆಯಿಂದ ಹೊರಗೆ. ಮೂರು ಆಗಲಿಲ್ಲವಾ, ಎರಡಾದರೂ ಇರಲಿ.

ಅಕ್ಕನ ಫೈಲ್ ಏನಾಯಿತು ಅಂತ ಕೇಳುತ್ತೀರಿ. ರಿಕವರಿಯಲ್ಲಿ ಸಾವಿರಾರು ಫೈಲ್ ಬಂದವು, ಹೆಸರಿನ ಬದಲು ಬರೀ ನಂಬರ್. ಎರಡು ರಾತ್ರಿ ಕೂತು ಒಂದೊಂದೇ ತೆರೆದು ನೋಡಿದೆವು. ಎಕ್ಸೆಲ್‌ನದ್ದು ಒಂದು ಸಿಕ್ಕಿತು, ಗಾತ್ರವೂ ಸರಿ ಇತ್ತು, ತೆರೆಯಲಿಲ್ಲ. ಆಮೇಲೆ ಅಕ್ಕನೇ ನೆನಪು ಮಾಡಿಕೊಂಡು ಹಳೇ ಮೇಲ್ ಹುಡುಕಿದಳು. ಮೂರು ವರ್ಷದ ಹಿಂದೆ ಗೆಳತಿಯೊಬ್ಬಳು ಕೇಳಿದಳೆಂದು ಆ ಪಟ್ಟಿ ಕಳಿಸಿದ್ದಳು. ಎಂಟು ವರ್ಷದ ಪದಗಳು ಅದರಲ್ಲಿ ಸಿಕ್ಕವು. ಉಳಿದ ಮೂರು ವರ್ಷದ್ದನ್ನು ತಾನು ಮಾಡಿದ ಅನುವಾದಗಳನ್ನೇ ಮತ್ತೆ ಓದಿ, ಒಂದೊಂದಾಗಿ ಸೇರಿಸುತ್ತಿದ್ದಾಳೆ.

ಈಗ ಅವಳ ಹತ್ತಿರ ಎರಡು ಡಿಸ್ಕ್ ಇವೆ. ಒಂದು ಅವಳ ಮನೆಯಲ್ಲಿ, ಇನ್ನೊಂದು ನನ್ನ ಹತ್ತಿರ. ಭೇಟಿಯಾದಾಗ ಅದಲು ಬದಲು ಮಾಡುತ್ತೇವೆ. ಕಳೆದ ವಾರ ಅವಳು ಕೊಟ್ಟ ಡಿಸ್ಕ್ ತಂದು ನನ್ನ ಕಂಪ್ಯೂಟರ್‌ಗೆ ಹಾಕಿ ಆ ಫೈಲ್ ತೆರೆದೆ. ತೆರೆಯಿತು. ಕೊನೆಯ ಸಾಲಿನಲ್ಲಿ ಹಿಂದಿನ ರಾತ್ರಿ ಸೇರಿಸಿದ ಪದವಿತ್ತು.