ಆಡಲು ಕರೆದವರಿಗೆ ಕರಪತ್ರ ಕೊಡಬೇಡಿ

ಶನಿವಾರ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಪೋಕರ್ ಇಸ್ಪೀಟಿನ ಕೂಟ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತೇ ಇದೆ. ಕುಂಬಳೆಯಲ್ಲಿ ಗೆಳೆಯನ ಮನೆಯ ಮಹಡಿ. ಅವನು ದುಬೈ ಬಿಟ್ಟು ಬಂದವನು, ನಮಗೆಲ್ಲ ಟೆಕ್ಸಸ್ ಹೋಲ್ಡೆಮ್ ಅನ್ನುವ ಪೋಕರ್ ಕಲಿಸಿದ್ದೂ ಅವನೇ. ಬದಿಯಡ್ಕ ಕಡೆಯ ಅಡಿಕೆ ತೋಟದ ಭಟ್ರು, ಉಪ್ಪಳದ ಬ್ಯಾರಿ ಮುಸ್ಲಿಂ ಗೆಳೆಯ, ಮತ್ತೆ ನಾನು. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಐದು. ದುಡ್ಡಿಲ್ಲ. ಪಣಕ್ಕೆ ಇಡುವ ಚಿಪ್ಸ್ ಬಿಲ್ಲೆಗಳ ಬದಲು ಚೆನ್ನೆಮಣೆ ಆಟದ ಮಂಜೊಟ್ಟಿ ಬೀಜ.

ಈ ಸಲ ನಮ್ಮ ಚರ್ಚಿನ ಪ್ರಾರ್ಥನಾ ಕೂಟದವರೊಬ್ಬರು ತಾವೂ ಬರುತ್ತೇನೆ ಅಂದರು. ಕರೆದುಕೊಂಡು ಹೋದೆ. ಚೆನ್ನಾಗಿಯೇ ಆಡಿದರು. ಹತ್ತು ಗಂಟೆ ಹೊತ್ತಿಗೆ ಭಟ್ರ ಕೈಯಲ್ಲಿ ಎರಡು ಎಕ್ಕ. ಮುಂದಿದ್ದ ಬೀಜವನ್ನೆಲ್ಲ ಎರಡೂ ಕೈಯಿಂದ ನಡುವಿಗೆ ತಳ್ಳಿದರು. ಕೊನೆಯ ಎಲೆ ಆಟೀನು ಬಂತು, ಬ್ಯಾರಿ ಗೆಳೆಯನಿಗೆ ಐದೂ ಆಟೀನು ಆಗಿ ಎಕ್ಕದ ಜೋಡಿಯನ್ನು ಮೀರಿಸಿತು. ಭಟ್ರು ಸೋತು ನಗುತ್ತಿದ್ದರು. ಆಗ ಇವರು ಅವರ ಹೆಗಲ ಮೇಲೆ ಕೈ ಇಟ್ಟು, "ಭಟ್ರೇ, ಇಲ್ಲಿ ಸೋತರೆ ಪರವಾಗಿಲ್ಲ, ಆತ್ಮ ಸೋಲಬಾರದು" ಎಂದು ಕಿಸೆಯಿಂದ ಸುವಾರ್ತೆಯ ಕರಪತ್ರ ತೆಗೆದು ಕೊಟ್ಟರು.

ಭಟ್ರು ಅದನ್ನು ನಾಲ್ಕು ಮಡಿಕೆ ಮಾಡಿ ಚಾ ಗ್ಲಾಸಿನ ಅಡಿಗೆ ಇಟ್ಟರು. ಏನೂ ಹೇಳಲಿಲ್ಲ. ಬ್ಯಾರಿ ಗೆಳೆಯ ಎಲೆಗಳನ್ನು ಒಟ್ಟು ಮಾಡತೊಡಗಿದ. ಆಟ ಅಲ್ಲಿಗೇ ಮುಗಿಯಿತು.

ಇಸ್ಪೀಟು ಆಡುವುದೇ ಪಾಪ ಅನ್ನುವವರ ಜೊತೆ ನನಗೆ ಜಗಳ ಹಳೆಯದು. ಕಥೋಲಿಕ ಧರ್ಮಸಭೆಯ ಅಧಿಕೃತ ಧರ್ಮೋಪದೇಶದ 2413ನೇ ಕಲಮು ಓದಿ. ಇಸ್ಪೀಟು, ಪಣದ ಆಟ ತಾನಾಗಿಯೇ ಅನ್ಯಾಯವಲ್ಲ, ಮನೆಯವರ ಹೊಟ್ಟೆಗೆ ಬೇಕಾದ್ದನ್ನು ಕಸಿದುಕೊಂಡಾಗ ತಪ್ಪು, ಚಟವಾದರೆ ಗುಲಾಮಗಿರಿ ಎಂದು ಅಲ್ಲಿದೆ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು. ಒಳ್ಳೆಯದೇ ಆಯಿತು. ಮಂಜೊಟ್ಟಿಗೆ ಆ ಭಯ ಇಲ್ಲ.

"ಬ್ಲಫ್ ಮಾಡುವುದು ಸುಳ್ಳಲ್ವಾ? ಕ್ರೈಸ್ತ ಅದನ್ನು ಹೇಗೆ ಮಾಡುತ್ತಾನೆ?" ಎಂದೂ ಕೇಳುತ್ತಾರೆ. ಅಲ್ಲ. ಕೈಯಲ್ಲಿ ಏನೂ ಇಲ್ಲದೆ ರಾಜನಿದ್ದ ಹಾಗೆ ಕೂರಬಹುದು ಅಂತ ಎಲ್ಲರೂ ಒಪ್ಪಿಯೇ ಆಟಕ್ಕೆ ಕುಳಿತಿರುತ್ತಾರೆ. ಯಾರಿಗೂ ಮೋಸ ಆಗುವುದಿಲ್ಲ. ಆದರೆ ಆಟಕ್ಕೆ ಅಂತ ಬಂದು, ಮನಸ್ಸಿನಲ್ಲಿ ಬೇರೆ ಲೆಕ್ಕ ಇಟ್ಟುಕೊಂಡು, ಎದುರಿಗಿದ್ದವನು ಸೋಲುವ ಗಳಿಗೆಗೆ ಕಾಯುವುದಿದೆಯಲ್ಲ, ಅದಕ್ಕೆ ಆ ಮೇಜಿನಲ್ಲಿ ಯಾರೂ ಒಪ್ಪಿರಲಿಲ್ಲ. ನನಗೆ ನೋವಾದದ್ದು ಅಲ್ಲಿ. ಗೆಳೆತನ ಅಂತ ತಿಳಿದು ಜಾಗ ಬಿಟ್ಟುಕೊಟ್ಟರು, ಇವರು ಅದನ್ನು ಬಲೆ ಮಾಡಿದರು.

"ಹಾಗಾದರೆ ಲೋಕಕ್ಕೆಲ್ಲ ಸುವಾರ್ತೆ ಸಾರಿರಿ ಅಂತ ಯೇಸುಸ್ವಾಮಿ ಹೇಳಲಿಲ್ವಾ?" ಎಂದು ಕರಪತ್ರ ಕೊಟ್ಟವರು ಬರುವಾಗ ದಾರಿಯಲ್ಲಿ ನನ್ನನ್ನೇ ಕೇಳಿದರು. ಹೇಳಿದ್ದಾರೆ. ನಾನು ಅದನ್ನು ನಂಬುತ್ತೇನೆ, ನಾಚಿಕೆಯೂ ಇಲ್ಲ. ಆದರೆ ಪೇತ್ರನ ಮೊದಲ ಪತ್ರ 3:15ನ್ನೂ ಓದಬೇಕಲ್ಲ. ನಿಮ್ಮ ನಿರೀಕ್ಷೆಗೆ ಕಾರಣ ಏನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಅದನ್ನು ಸೌಮ್ಯವಾಗಿ, ಗೌರವದಿಂದ ಕೊಡಿ ಅನ್ನುತ್ತದೆ. ಕೇಳುವವರಿಗೆ. ಭಟ್ರು ಶನಿವಾರ ಏನು ಕೇಳಿದ್ದರು? ಯೇಸುಸ್ವಾಮಿ ಸುಂಕ ವಸೂಲಿಗಾರರ ಮುಖ್ಯಸ್ಥ ಜಕ್ಕಾಯನ ಮನೆಗೆ ಹೋದದ್ದನ್ನು ಲೂಕ 19ರಲ್ಲಿ ನೋಡಿ. ಇವತ್ತು ನಿನ್ನ ಮನೆಯಲ್ಲಿ ಉಳಿಯುತ್ತೇನೆ ಅಂದರು, ಹೋದರು. ತಪ್ಪೊಪ್ಪಿಗೆಯ ಮಾತು ಜಕ್ಕಾಯನ ಬಾಯಿಂದ ತಾನಾಗಿಯೇ ಬಂತು.

ನಂಬಿಕೆ ಹಂಚಿಕೊಳ್ಳುವುದು ಹೇಗೆ ಅಂತ ನನಗೆ ತೋರಿಸಿಕೊಟ್ಟದ್ದು ಬ್ಯಾರಿ ಗೆಳೆಯ. ಆಟ ಶುರುವಾದ ದಿನ, "ಹಣ ಇಟ್ಟರೆ ನಾನು ಕೂರುವುದಿಲ್ಲ ಮಾರಾಯ, ನಮ್ಮಲ್ಲಿ ಜೂಜು ಹರಾಮ್" ಅಂದ. ಅಷ್ಟೇ ಮಾತು. ಪ್ರವಚನ ಇಲ್ಲ, ನಮ್ಮನ್ನು ಕೀಳಾಗಿ ನೋಡಲಿಲ್ಲ. ಮುಂದಿನ ವಾರ ಭಟ್ರು ಮನೆಯಿಂದ ಚೆನ್ನೆಮಣೆಯ ಮಂಜೊಟ್ಟಿ ಡಬ್ಬಿ ತಂದರು. ಅವನ ದೇವರ ಮಾತು ನಮ್ಮೆಲ್ಲರ ಮೇಜಿಗೆ ಬಂದು ಕುಳಿತದ್ದು ಹಾಗೆ.

ನಾನು ಮಾತಾಡಿದ್ದೂ ಉಂಟು. ಅಪ್ಪ ತೀರಿಕೊಂಡ ವರ್ಷ. ಎಲೆ ಕಲೆಸುತ್ತಿದ್ದ ಭಟ್ರು ಕೈ ನಿಲ್ಲಿಸಿ, "ನಿಮ್ಮ ಅಪ್ಪ ಈಗ ಎಲ್ಲಿದ್ದಾರೆ ಅಂತ ನೀವು ನಂಬುತ್ತೀರಿ?" ಎಂದರು. ಗಂಟಲು ಕಟ್ಟಿತು. ಆದರೂ ಹೇಳಿದೆ. ಪುನರುತ್ಥಾನ ನನಗೆ ಬರೀ ಈಸ್ಟರ್ ಹಬ್ಬದ ಮಾತಲ್ಲ, ಅಪ್ಪನನ್ನು ಮತ್ತೆ ನೋಡುತ್ತೇನೆ ಅಂತ ನಿಜವಾಗಿ ನಂಬಿಯೇ ಮಣ್ಣು ಹಾಕಿ ಬಂದೆ ಅಂದೆ. ಭಟ್ರು ತಮ್ಮ ಅಮ್ಮನ ವಿಷಯ ಹೇಳಿದರು, ಶ್ರಾದ್ಧದ ದಿನ ತಮಗೆ ಏನನ್ನಿಸುತ್ತದೆ ಅಂತಲೂ. ಆ ರಾತ್ರಿ ಆಮೇಲೆ ಯಾರೂ ಎಲೆ ಮುಟ್ಟಲಿಲ್ಲ. ನನ್ನ ಯೇಸುಸ್ವಾಮಿಯ ಬಗ್ಗೆ ಅಷ್ಟು ಹೊತ್ತು, ಅಷ್ಟು ಬಿಚ್ಚು ಮನಸ್ಸಿನಿಂದ ನಾನು ಚರ್ಚಿನ ಅಂಗಳದಲ್ಲೂ ಮಾತಾಡಿಲ್ಲ.

ಆ ಪ್ರಶ್ನೆ ಕರಪತ್ರ ಕೊಟ್ಟಿದ್ದರೆ ಬರುತ್ತಿತ್ತಾ? ಇನ್ನು ಮುಂದೆ ಭಟ್ರು ನನ್ನ ಹತ್ತಿರ ಹಾಗೆ ಕೇಳುತ್ತಾರಾ? ನನ್ನ ಕಿಸೆಯಲ್ಲೂ ಒಂದು ಕಾಗದ ಇದೆ ಅಂತ ಅವರಿಗೆ ಅನ್ನಿಸಿದರೆ ತಪ್ಪು ಯಾರದ್ದು?

ಭಾನುವಾರ ಬೆಳಗ್ಗೆ ಭಟ್ರಿಗೆ ಫೋನ್ ಮಾಡಿ ಮಾತಾಡಿದ್ದೇನೆ. ಬ್ಯಾರಿ ಗೆಳೆಯನ ಮನೆಗೆ ಹೋಗಿ ಬಂದೆ. ಕರಪತ್ರ ಕೊಟ್ಟವರಿಗೂ ಇದನ್ನೆಲ್ಲ ಮುಖಕ್ಕೇ ಹೇಳಿದ್ದೇನೆ, ಹಿಂದಿನಿಂದ ಬರೆಯುತ್ತಿಲ್ಲ. ನಾನು ಮಾಡಿದ್ದು ತಪ್ಪು ಅಂತಲೂ, ಇಸ್ಪೀಟು ಆಡುವವನು ಪೂಜೆಯಲ್ಲಿ ಬೈಬಲ್ ವಾಚನ ಓದಬಾರದು ಅಂತಲೂ ಅನ್ನುವವರು ಪ್ರಾರ್ಥನಾ ಕೂಟದಲ್ಲಿ ಇನ್ನೂ ಇದ್ದಾರಂತೆ. ಅವರು ಈ ಭಾನುವಾರ ಪೂಜೆ ಮುಗಿದ ಮೇಲೆ ನನ್ನ ಹತ್ತಿರ ನೇರ ಬಂದು ಮಾತಾಡಲಿ, ಕಾಯುತ್ತೇನೆ.