ಸಮುದ್ರ ಇತ್ತ್!

ಡಿಸೆಂಬರ್ ರಜೆಗೆ ಎಲ್ಲಿಗೆ ಅನ್ನುವ ಚರ್ಚೆ ನಮ್ಮ ಮನೆಯಲ್ಲಿ ಗಣೇಶನನ್ನು ನೀರಿಗೆ ಬಿಟ್ಟು ಬಂದ ರಾತ್ರಿಯೇ ಶುರುವಾಗುತ್ತದೆ. ಈ ಸಲ ಕಡಲ ತೀರ ಅಂತ ಎಲ್ಲರೂ ಒಪ್ಪಿದರು. ಯಾವ ಕಡಲ ತೀರ ಅಂದಾಗ ನಾಲ್ಕು ಜನಕ್ಕೆ ನಾಲ್ಕು ಕಡಲು ಬೇಕಾಯಿತು.

ಮಗನಿಗೆ ಮಲ್ಪೆ. ಅಲ್ಲಿ ಪ್ಯಾರಾಸೈಲಿಂಗ್ ಇದೆ. ಮಾವನಿಗೆ ಮುರುಡೇಶ್ವರ. 123 ಅಡಿಯ ಶಿವ, 20 ಅಂತಸ್ತಿನ ಗೋಪುರ, ಮೇಲೆ ಹೋಗೋಕೆ ಲಿಫ್ಟು. ಮಂಡಿ ನೋವಿದ್ದವರಿಗೆ ದೇವರು ಮಾಡಿಕೊಟ್ಟ ಅನುಕೂಲ ಅಂತ ಅವರ ವಾದ. ಹೆಂಡತಿಗೆ ಪಡುಬಿದ್ರಿ. 2020ರಲ್ಲಿ ಅದಕ್ಕೆ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲ ತೀರ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತ್ತು. ಹಾಗಂದರೆ ಟಾಯ್ಲೆಟ್ ಚೆನ್ನಾಗಿರುತ್ತೆ ಅಂತ ಅವಳ ಅನುವಾದ.

ನನಗೆ ಬೇಕಾಗಿದ್ದು ಏನೂ ಇಲ್ಲದ ಕಡಲು. ನಮ್ಮ ಮನೆ ಎದುರು ಮೂರು ವರ್ಷದಿಂದ ರಸ್ತೆ ಅಗೆಯುತ್ತಿದ್ದಾರೆ. ಅಗೆದಿದ್ದನ್ನು ಮುಚ್ಚಿ, ಮುಚ್ಚಿದ್ದನ್ನು ಮತ್ತೆ ಅಗೆಯುತ್ತಾರೆ. ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾರೇನೋ ಅಂತ ನನಗೆ ಅನುಮಾನ.

ರೈಲ್ವೆ ಟಿಕೆಟ್ ಮಾಡಿಸುವವನು ನಾನಾದ್ದರಿಂದ ನಾನೇ ಗೆದ್ದೆ. ಮರವಂತೆಗೂ ಬೈಂದೂರಿಗೂ ನಡುವೆ, ಹೆದ್ದಾರಿಯಿಂದ ಒಳಗೆ, ಒಂದು ಹೋಮ್‌ಸ್ಟೇ ಸಿಕ್ಕಿತು. ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ.

"ಇಲ್ ಎಂತದೂ ಇಲ್ಲೆ ಮರಾಯ್ರೆ," ಅಂದರು ಯಜಮಾನರು.

ನನ್ನ ಕಿವಿಗೆ ಇದಕ್ಕಿಂತ ಒಳ್ಳೆ ಜಾಹೀರಾತು ಬಿದ್ದಿರಲಿಲ್ಲ. ಹೆಂಡತಿ ನಡುವೆ ಬಾಯಿ ಹಾಕಿ, ಸಮುದ್ರ ಎಷ್ಟು ದೂರ ಅಂತ ಕೇಳಿದಳು.

"ಸಮುದ್ರ ಎದ್ರಿಗೇ ಇತ್ತ್."

ಮಾವ ಪೇಪರ್ ಕೆಳಗಿಟ್ಟರು. "ಇತ್ತಂತೆ! ಈಗೆಲ್ಲಿ ಹೋಯ್ತಂತೆ? ಕಡಲ್ಕೊರೆತ ಏನಾದರೂ ಆಯ್ತಾ?"

ಕುಂದಾಪುರ ಕನ್ನಡದಲ್ಲಿ 'ಇತ್ತ್' ಅಂದರೆ 'ಇದೆ' ಅಂತ ಅರ್ಥ. ಇದನ್ನು ನಾನು ಮೇಷ್ಟ್ರ ಥರ ಹತ್ತು ನಿಮಿಷ ವಿವರಿಸಿದೆ. ಆ ಹೆಮ್ಮೆಯಲ್ಲೇ, "ಹತ್ತಿರ ಅಂಗಡಿ?" ಅಂತ ಕೇಳಿದಾಗ ಅವರು "ಒಂದ್ ಅಂಗ್ಡಿ ಇದ್ದಿತ್" ಅಂದಿದ್ದನ್ನೂ 'ಇದೆ' ಅಂತಲೇ ತಿಳಿದುಕೊಂಡೆ. 'ಇದ್ದಿತ್' ಅಂದರೆ ನಿಜವಾಗಲೂ ಇತ್ತು, ಈಗ ಇಲ್ಲ. ಇದು ಗೊತ್ತಾಗಿದ್ದು ಅಂಗಡಿಯ ಮುಚ್ಚಿದ ಬಾಗಿಲ ಎದುರು, ಕೈಯಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತಾಗ.

ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಸಂಜೆ ಹತ್ತಿ ಬೆಳಿಗ್ಗೆ ಕುಂದಾಪುರದಲ್ಲಿ ಇಳಿದೆವು. ಮರವಂತೆಯಲ್ಲಿ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಎಲ್ಲರೂ ಫೋಟೋ ತೆಗೆಯುವ ಕಡೆ ನಾವೂ ತೆಗೆದೆವು. ಅಲ್ಲಿವರೆಗೆ ಎಲ್ಲರೂ ಖುಷಿಯಾಗಿದ್ದರು. ಅದಕ್ಕೇ ಆ ಫೋಟೋನೇ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೇವೆ.

ಹೋಮ್‌ಸ್ಟೇ ತಲುಪಿದರೆ ಯಜಮಾನರು ಹೇಳಿದ ಒಂದು ಮಾತೂ ಸುಳ್ಳಲ್ಲ. ಎಂತದೂ ಇಲ್ಲೆ. ತೆಂಗಿನ ತೋಟ, ಅದರಾಚೆ ಗಾಳಿಮರದ ಸಾಲು, ಅದರಾಚೆ ಮರಳು, ನೀರು. ಜನ ಅನ್ನುವಂಥದ್ದು ನಾವೇ.

ಮಾವ ಫಿಲ್ಟರ್, ಪುಡಿ ಎಲ್ಲ ಬೆಂಗಳೂರಿಂದಲೇ ಹೊತ್ತು ತಂದಿದ್ದರು. ಐದು ಗಂಟೆಗೆ ಡಿಕಾಕ್ಷನ್ ರೆಡಿ. ಹಾಲು ಬರೋದು ಏಳೂವರೆಗೆ. ಆ ಎರಡೂವರೆ ಗಂಟೆ ಅವರು ಕಡಲಿಗೆ ಬೆನ್ನು ಹಾಕಿ, ಹಾಲಿನವರು ಬರುವ ದಾರಿ ನೋಡುತ್ತಾ ಕೂತಿದ್ದರು. ಪೇಪರ್ ಕೇಳಿದರೆ, "ಹೆದ್ದಾರಿಗ್ ಹೋಯ್ಕ್" ಅಂದರು ಯಜಮಾನರು. ಇದಕ್ಕೆ ಅನುವಾದ ಬೇಕಾಗಲಿಲ್ಲ, ಮಾವ ನನ್ನ ಕಡೆ ನೋಡಿದ ರೀತಿಯಲ್ಲೇ ನಾನು ಹೋಗಬೇಕು ಅಂತ ತಿಳಿಯಿತು.

ಮಗನಿಗೆ ನೆಟ್‌ವರ್ಕ್ ಸಿಗುವ ಜಾಗ ಇಡೀ ತೋಟದಲ್ಲಿ ಒಂದೇ. ಅದು ಎತ್ತರದ ತೆಂಗಿನ ಮರದ ಬುಡ. ಮೇಲೆ ನೋಡಿದರೆ ಒಣಗಿದ ಕಾಯಿ ತೂಗಾಡುತ್ತಿವೆ. ಯಜಮಾನರು ಒಳಗೆ ಹೋಗಿ ಅವರ ಬೈಕಿನ ಹೆಲ್ಮೆಟ್ ತಂದುಕೊಟ್ಟರು. ನಾಲ್ಕು ದಿನವೂ ನನ್ನ ಮಗ ಹೆಲ್ಮೆಟ್ ಹಾಕಿಕೊಂಡೇ ರೀಲ್ಸ್ ನೋಡಿದ. ಬೆಂಗಳೂರಲ್ಲಿ ಹಿಂದಿನ ಸೀಟಿಗೆ ಹೆಲ್ಮೆಟ್ ಹಾಕೋ ಅಂದರೆ ಕೂದಲು ಹಾಳಾಗುತ್ತೆ ಅನ್ನುವವನು.

ಇನ್ನು ರಾತ್ರಿಯ ಶಾಂತಿ. ನಾನು ಒಂದು ವಿಷಯ ಯೋಚನೆಯೇ ಮಾಡಿರಲಿಲ್ಲ. ಸಮುದ್ರ ನಿಲ್ಲುವುದಿಲ್ಲ. ನಮ್ಮ ಮನೆ ಎದುರಿನ ಜೆಸಿಬಿ ರಾತ್ರಿ ಹತ್ತಕ್ಕಾದರೂ ನಿಲ್ಲುತ್ತೆ. ಅಲೆಗಳ ಸದ್ದಿಗೆ ಹೊಂದಿಕೊಂಡು ಕಣ್ಣು ಹತ್ತಿತು ಅನ್ನುವಾಗ ದೂರದಲ್ಲಿ ರೈಲಿನ ಕೂಗು. ಕೊಂಕಣ ರೈಲ್ವೆಯವರು 1999ರಿಂದ ಲಾರಿಗಳನ್ನೇ ಗೂಡ್ಸ್ ಗಾಡಿ ಮೇಲೆ ಹತ್ತಿಸಿ ಸಾಗಿಸುತ್ತಾರೆ, ರೋರೋ ಅಂತ. ನಾನು ಲಾರಿಗಳಿಂದ ತಪ್ಪಿಸಿಕೊಂಡು ಬಂದರೆ, ಅವು ರೈಲು ಹತ್ತಿ ನನ್ನ ಹಿಂದೆಯೇ ಬಂದಿವೆ ಅನ್ನಿಸಿತು.

"ರೀ, ಶಾಂತವಾಗಿದೆ ಅಲ್ವಾ?" ಅಂತ ಹೆಂಡತಿ ಕತ್ತಲಲ್ಲಿ ಕೇಳಿದಳು. ನಾನು ನಿದ್ದೆ ಬಂದವನ ಹಾಗೆ ಮಲಗಿದೆ.

ಇಂಥ ಜಾಗ ನಿಮ್ಮ ಮನೆಯವರಿಗೆ ಸರಿಹೋಗುತ್ತಾ ಅಂತ ನೋಡೋಕೆ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಭಾನುವಾರ ಮಧ್ಯಾಹ್ನ ಕರೆಂಟ್ ಹೋದಾಗ ಯಾರು ಏನು ಮಾಡ್ತಾರೆ ಗಮನಿಸಿ. ಚಾಪೆ ಹಾಸಿ ಬಿದ್ದುಕೊಳ್ಳುವವರಾದರೆ ಧೈರ್ಯವಾಗಿ ಹೊರಡಿ. ಐದು ನಿಮಿಷಕ್ಕೊಂದು ಸಲ ಲೈನ್‌ಮನ್‌ಗೆ ಫೋನ್ ಹಚ್ಚುವವರಾದರೆ ಸುಮ್ನೆ ಮಲ್ಪೆಗೆ ಹೋಗಿ, ಐಸ್‌ಕ್ರೀಂ ತಿಂದು ಬನ್ನಿ. ನಮ್ಮ ಮನೆಯಲ್ಲಿ ಲೈನ್‌ಮನ್ ನಂಬರ್ ಮೂರು ಫೋನಿನಲ್ಲಿದೆ. ನಾನು ಇದನ್ನು ಮೊದಲೇ ನೋಡಿಕೊಳ್ಳಬೇಕಿತ್ತು.

ಮೊದಲ ದಿನ ಹನ್ನೊಂದು ಗಂಟೆಗೆ ಗಾಳಿಮರದ ನೆರಳಿನ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ನೀರು ಎಷ್ಟೋ ಕೆಳಗಿತ್ತು. ಮೂರನೇ ದಿನ, ಹುಣ್ಣಿಮೆ, ಅದೇ ಹೊತ್ತಿಗೆ ಅದೇ ಜಾಗದಲ್ಲಿ ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕಣ್ಣು ಮುಚ್ಚಿದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಹುಣ್ಣಿಮೆ ಅಮಾವಾಸ್ಯೆಗೆ ನೀರು ಇನ್ನೂ ಮೇಲಕ್ಕೆ ಬರುತ್ತೆ. ಇವೆಲ್ಲ ನನಗೆ ಗೊತ್ತಾಗಿದ್ದು ಕಾಲು ತಣ್ಣಗಾದ ಮೇಲೆ. ಪ್ಲಾಸ್ಟಿಕ್ ಕುರ್ಚಿಯ ನಾಲ್ಕು ಕಾಲೂ ಮರಳಲ್ಲಿ ಹೂತು, ನಾನು ಹಿಂದಕ್ಕೆ ವಾಲಿ, ಅಂಗಾತ ಬಿದ್ದ ಆಮೆಯ ಹಾಗೆ ಕೈಕಾಲು ಆಡಿಸುತ್ತಿದ್ದೆ. ಎದ್ದು ನೋಡಿದರೆ ಎಡಗಾಲಿನ ಚಪ್ಪಲಿ ಮಾತ್ರ ಉಳಿದಿತ್ತು. ಬಲಗಾಲಿನದು ಒಮಾನ್ ಕಡೆ ಹೊರಟಿತ್ತು.

ಕೊನೆ ದಿನ ಬೆಳಗಿನ ಜಾವ ಮಾವ ಹಾಸಿಗೆಯಲ್ಲಿಲ್ಲ. ಹಾಲಿನ ದಾರಿಯಲ್ಲೂ ಇಲ್ಲ. ಗಾಬರಿಯಾಗಿ ಮರಳಿಗೆ ಓಡಿದರೆ, ಅಲ್ಲಿ ಕೈರಂಪಣಿ ನಡೆಯುತ್ತಿತ್ತು. ದೋಣಿಯವರು ಕಡಲಲ್ಲಿ ಅರ್ಧ ಸುತ್ತು ಬಲೆ ಬಿಟ್ಟು ಬಂದಿದ್ದರು. ದಡದಲ್ಲಿ ಎರಡು ಸಾಲು ಜನ, ಎರಡೂ ತುದಿಯ ಹಗ್ಗ ಹಿಡಿದು, "ಐಸಾ! ಐಸಾ!" ಅಂತ ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದರು. ಎಡಗಡೆ ಸಾಲಿನಲ್ಲಿ ಮೂರನೆಯವರು ನಮ್ಮ ಮಾವ. ಪಂಚೆ ಎತ್ತಿ ಕಟ್ಟಿದ್ದಾರೆ. ಮಂಡಿ ನೋವು ಎಲ್ಲಿ ಹೋಗಿತ್ತೋ.

ಯಾರೋ "ಹ್ವಾಯ್, ಬನ್ನಿ, ಒಂದ್ ಕೈ ಹಾಕಿ" ಅಂದರಂತೆ, ಇವರು ಹಾಕಿದರಂತೆ. ನನ್ನನ್ನು ನೋಡಿದ್ದೇ, "ಏನು ನೋಡ್ತಾ ನಿಂತಿದೀರಿ ಅಳಿಯಂದ್ರೆ, ಎಳೀರಿ!" ಅಂದರು. ನಾನೂ ಎಳೆದೆ. ಒದ್ದೆ ಹಗ್ಗ ಅಂಗೈ ಸುಲಿಯಿತು. ಒಂದು ಗಂಟೆಯಾದ ಮೇಲೆ ಬಲೆಯ ಹೊಟ್ಟೆ ದಡಕ್ಕೆ ಬಂತು. ಒಳಗೆ ಬೆಳ್ಳಿ ಕುದಿಯುತ್ತಿರುವ ಹಾಗೆ ಬಂಗುಡೆ, ಭೂತಾಯಿ.

ಎಳೆದವರಿಗೆಲ್ಲ ಒಂದೊಂದು ಪಾಲು. ಮೂರು ತಲೆಮಾರಿನಿಂದ ಈರುಳ್ಳಿಯನ್ನೂ ಸೋಮವಾರ ಮುಟ್ಟದ ನಮ್ಮ ಮಾವನ ಟವೆಲ್ಲಿಗೆ ಏಳು ಬಂಗುಡೆ ಬಿದ್ದವು. ಬೇಡ ಅನ್ನೋಕೆ ಬಾಯಿ ತೆರೆದರು, ಅನ್ನಲಿಲ್ಲ. ಟವೆಲ್ ನಾಲ್ಕು ಮೂಲೆ ಕೂಡಿಸಿ, ಮೈಯಿಂದ ಒಂದು ಮಾರು ದೂರ ಹಿಡಿದು, ತೋಟದವರೆಗೆ ನಡೆದರು. ಹಿಂದೆ ಎರಡು ಬೆಕ್ಕು. ಮೀನನ್ನು ಯಜಮಾನರ ಹೆಂಡತಿಗೆ ಒಪ್ಪಿಸಿ, ಎರಡು ಸಲ ಸ್ನಾನ ಮಾಡಿ, ಆಮೇಲೆ ಕಾಫಿ ಕುಡಿದರು. ಹಾಲು ತಡವಾದದ್ದು ಅವತ್ತು ಅವರಿಗೆ ಗೊತ್ತೇ ಆಗಲಿಲ್ಲ.

ವಾಪಸ್ ಬಂದ ಮೇಲೆ ಪಾರ್ಕಿನ ಬೆಂಚಿನಲ್ಲಿ ಅವರದ್ದೇ ದರ್ಬಾರು. ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ ಅಂತ ವಾಕಿಂಗ್ ಬಂದವರಿಗೆಲ್ಲ ಹೇಳುತ್ತಿದ್ದಾರೆ, ಅವರದ್ದೇ ಎರಡು ದೋಣಿ ಇರುವವರ ಹಾಗೆ.

ಮೊನ್ನೆ ಸಂಜೆ ಬಾಲ್ಕನಿಯಲ್ಲಿ ಅವರ ಫೋನಿನ ಮಾತು ಕೇಳಿಸಿತು. ಹೊರಗೆ ಜೆಸಿಬಿ ಸದ್ದು, ಅದಕ್ಕೇ ಕಿರುಚುತ್ತಿದ್ದರು.

"ಹ್ವಾಯ್! ನಾನು, ಬೆಂಗಳೂರು. ಜನವರಿಯಲ್ಲಿ ರೂಮ್ ಇತ್ತಾ?"

ಆ ಕಡೆಯಿಂದ ಏನೋ ಹೇಳಿದರು.

"ಇತ್ತಂತೆ," ಅಂದರು ಮಾವ ನನ್ನ ಕಡೆ ತಿರುಗಿ. "ಇತ್ತು ಅಂದ್ರೆ ಇದೆ ಅಂತ."